ಆಂಟಿ-ಟಿಪಿಒ ಜಾಸ್ತಿ ಬಂದಿದೆ, ಈಗೇನು? ಥೈರಾಯ್ಡ್ ಆಂಟಿಬಾಡಿ ರಿಪೋರ್ಟ್ ಓದುವ ಬಗೆ

ರಿಪೋರ್ಟ್ ಮೊಬೈಲ್‌ಗೆ ಬಂದಿದೆ. ಆಂಟಿ-ಟಿಪಿಒ (ಥೈರಾಯ್ಡ್ ವಿರುದ್ಧ ನಮ್ಮದೇ ದೇಹ ಮಾಡುವ ಒಂದು ಆಂಟಿಬಾಡಿ) ಅನ್ನುವ ಸಾಲಿನಲ್ಲಿ 640 ಅಂತ ಇದೆ, ಪಕ್ಕದಲ್ಲಿ 34ರ ಒಳಗಿರಬೇಕು ಅಂತ. ಅಂಕಿಯನ್ನು ದಪ್ಪಗೆ, ಕೆಂಪಾಗಿ ಅಚ್ಚು ಹಾಕಿದ್ದಾರೆ ಬೇರೆ. ಡಾಕ್ಟರನ್ನು ನೋಡಲು ಇನ್ನೂ ನಾಲ್ಕು ದಿನ ಇದೆ. ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಇಲ್ಲದ ಕಾಯಿಲೆಗಳನ್ನೆಲ್ಲ ತಲೆಗೆ ಹಚ್ಚಿಕೊಂಡು ನಿದ್ದೆ ಕೆಡಿಸಿಕೊಳ್ಳುವವರೇ ಜಾಸ್ತಿ.

ಅದರ ಬದಲು ರಿಪೋರ್ಟನ್ನು ಸರಿಯಾದ ಕ್ರಮದಲ್ಲಿ ಓದಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಆಂಟಿ-ಟಿಪಿಒ ಅಂಕಿ ನಿಮ್ಮ ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯುವುದಿಲ್ಲ. ಥೈರಾಯ್ಡ್ ತೊಂದರೆ ಇದ್ದರೆ ಅದಕ್ಕೆ ಕಾರಣ ಏನು, ಇಲ್ಲದಿದ್ದರೆ ಮುಂದೆ ಬರುವ ಸಾಧ್ಯತೆ ಇದೆಯಾ ಅನ್ನುವುದನ್ನು ತಿಳಿಸುತ್ತದೆ, ಅಷ್ಟೇ. ಅಂಕಿಯ ಗಾತ್ರಕ್ಕೆ ನಿಜವಾಗಿ ಬೆಲೆ ಇರುವುದು ಬೇರೊಂದು ಆಂಟಿಬಾಡಿಯಲ್ಲಿ. ಅದರ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 1: ಮೊದಲು ಟಿಎಸ್‌ಎಚ್ ಸಾಲಿಗೆ ಹೋಗಿ

ಆಂಟಿಬಾಡಿ ಸಾಲನ್ನು ಸದ್ಯಕ್ಕೆ ಬೆರಳಿನಿಂದ ಮುಚ್ಚಿಬಿಡಿ. ಟಿಎಸ್‌ಎಚ್ ಎಷ್ಟಿದೆ, ಫ್ರೀ ಟಿ4 (ಥೈರಾಯ್ಡ್ ಕೊಡುವ ಹಾರ್ಮೋನ್) ಎಷ್ಟಿದೆ ನೋಡಿ. ಇವತ್ತಿನ ದಿನ ನಿಮ್ಮ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದನ್ನು ಹೇಳುವುದು ಈ ಎರಡೇ.

ಟಿಎಸ್‌ಎಚ್ ತಯಾರಾಗುವುದು ಥೈರಾಯ್ಡ್‌ನಲ್ಲಿ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಕಿವಿ ಮಂದ ಇರುವವರನ್ನು ನಾವು ದನಿ ಏರಿಸಿ ಕರೆಯುತ್ತೇವಲ್ಲ, ಹಾಗೆ ಥೈರಾಯ್ಡ್ ಸರಿಯಾಗಿ ಹಾರ್ಮೋನ್ ಕೊಡದಿದ್ದಾಗ ಪಿಟ್ಯುಟರಿ ಜೋರಾಗಿ ಕೂಗುತ್ತದೆ. ಆ ಕೂಗೇ ಟಿಎಸ್‌ಎಚ್. ಅದಕ್ಕೇ ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ, ಅತಿಯಾಗಿ ಕೆಲಸ ಮಾಡಿದಾಗ ಇಳಿಯುತ್ತದೆ. ರಿಪೋರ್ಟನ್ನು ಮೊದಲ ಸಲ ಓದುವವರು ಎಡವುವುದೇ ಇಲ್ಲಿ. ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಜಾಸ್ತಿ ಅಂದುಕೊಳ್ಳುತ್ತಾರೆ. ಅದು ಉಲ್ಟಾ.

ಹೆಚ್ಚಿನ ಲ್ಯಾಬ್‌ಗಳಲ್ಲಿ ದೊಡ್ಡವರ ಟಿಎಸ್‌ಎಚ್ ಮಿತಿ ಸುಮಾರು 0.4ರಿಂದ 4ರ ಆಸುಪಾಸು ಇರುತ್ತದೆ. ಟಿಎಸ್‌ಎಚ್ ಮಿತಿ ದಾಟಿ ಫ್ರೀ ಟಿ4 ಕೂಡ ಕಡಿಮೆ ಇದ್ದರೆ ಹೈಪೋಥೈರಾಯ್ಡಿಸಂ, ಅಂದರೆ ಹಾರ್ಮೋನ್ ಸಾಲದ ಸ್ಥಿತಿ. ಟಿಎಸ್‌ಎಚ್ ಮಾತ್ರ ಏರಿ ಫ್ರೀ ಟಿ4 ಸರಿ ಇದ್ದರೆ ಅದನ್ನು ಸಬ್‌ಕ್ಲಿನಿಕಲ್ ಅನ್ನುತ್ತಾರೆ. ಗ್ರಂಥಿ ಕಷ್ಟಪಟ್ಟು ಇನ್ನೂ ನಿಭಾಯಿಸುತ್ತಿದೆ ಅಂತ ಅರ್ಥ. ಟಿಎಸ್‌ಎಚ್ ನೆಲಕಚ್ಚಿ ಫ್ರೀ ಟಿ4 ಅಥವಾ ಟಿ3 (ಥೈರಾಯ್ಡಿನ ಇನ್ನೊಂದು ಹಾರ್ಮೋನ್) ಮೇಲಿದ್ದರೆ ಅದು ಹಾರ್ಮೋನ್ ಅತಿಯಾದ ಸ್ಥಿತಿ, ಅಂದರೆ ಹೈಪರ್‌ಥೈರಾಯ್ಡಿಸಂ. ಅಪರೂಪಕ್ಕೆ ಫ್ರೀ ಟಿ4 ಕಡಿಮೆ ಇದ್ದೂ ಟಿಎಸ್‌ಎಚ್ ಏರಿರುವುದಿಲ್ಲ. ಅಂಥ ರಿಪೋರ್ಟನ್ನು ಡಾಕ್ಟರಿಗೆ ತೋರಿಸಲು ತಡಮಾಡಬೇಡಿ, ಪಿಟ್ಯುಟರಿಯಲ್ಲೇ ತೊಂದರೆ ಇರಬಹುದು.

ಟಿಎಸ್‌ಎಚ್ ದಿನವಿಡೀ ಒಂದೇ ಥರ ಇರುವುದಿಲ್ಲ. ರಾತ್ರಿಯಿಂದ ಬೆಳಗಿನ ಜಾವದವರೆಗೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಹೋದ ಸಲ ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟು 5.1 ಬಂದಿತ್ತು, ಈ ಸಲ ಸಂಜೆ ನಾಲ್ಕಕ್ಕೆ ಕೊಟ್ಟು 3.6 ಬಂತು ಅಂದರೆ ಕಾಯಿಲೆ ವಾಸಿಯಾಯಿತು ಅಂತಲ್ಲ. ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ ಕೊಡಿ. ಜೋರು ಜ್ವರ ಬಂದು ಹೋದ ಮೇಲೆ, ಆಸ್ಪತ್ರೆಯಲ್ಲಿ ಮಲಗಿ ಎದ್ದ ಮೇಲೆ ಕೆಲವು ವಾರ ಟಿಎಸ್‌ಎಚ್ ಏರುಪೇರಾಗಿರುತ್ತದೆ. ಆಗ ಮಾಡಿಸಿದ ಒಂದು ಟೆಸ್ಟ್ ನಂಬಿ ಜೀವಮಾನದ ಮಾತ್ರೆ ಶುರು ಮಾಡುವುದು ಆತುರವೇ ಸರಿ. ಸ್ವಲ್ಪ ಮಾತ್ರ ಏರಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದು ವಾಡಿಕೆ. ಎಷ್ಟೋ ಸಲ ಅದು ತಾನಾಗಿಯೇ ಕೆಳಗಿಳಿದಿರುತ್ತದೆ.

ಹೆಜ್ಜೆ 2: ಯಾವ ಆಂಟಿಬಾಡಿ ಅಂತ ಗುರುತಿಸಿ

ಈಗ ಬೆರಳು ತೆಗೆಯಿರಿ. ಥೈರಾಯ್ಡ್ ಆಂಟಿಬಾಡಿ ಅಂದರೆ ಒಂದೇ ಟೆಸ್ಟ್ ಅಲ್ಲ, ಮುಖ್ಯವಾಗಿ ಮೂರು ಇವೆ.

ಆಂಟಿ-ಟಿಪಿಒ ಎಲ್ಲಕ್ಕಿಂತ ಹೆಚ್ಚು ಮಾಡಿಸುವುದು. ಹಳೆಯ ರಿಪೋರ್ಟುಗಳಲ್ಲಿ ಆಂಟಿ-ಮೈಕ್ರೋಸೋಮಲ್ ಆಂಟಿಬಾಡಿ ಅಂತ ಇರುತ್ತಿದ್ದದ್ದು ಇದೇ. ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವ ಅಯೋಡಿನ್ ಬಳಸಿ ಹಾರ್ಮೋನ್ ಮಾಡಲು ಬೇಕು. ನಮ್ಮದೇ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನ ಶತ್ರು ಅಂತ ತಪ್ಪು ತಿಳಿದಾಗ ಈ ಆಂಟಿಬಾಡಿ ರಕ್ತದಲ್ಲಿ ಕಾಣುತ್ತದೆ. ಹಾಶಿಮೊಟೊ ಥೈರಾಯ್ಡೈಟಿಸ್ (ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡನ್ನು ನಿಧಾನಕ್ಕೆ ಹಾಳು ಮಾಡುವ ಕಾಯಿಲೆ) ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಇದು ಪಾಸಿಟಿವ್. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವಂತಾಗುವ ಗ್ರೇವ್ಸ್ ಕಾಯಿಲೆಯವರಲ್ಲೂ ಮುಕ್ಕಾಲು ಪಾಲಿನಷ್ಟು ಜನಕ್ಕೆ ಇರುತ್ತದೆ. ಏನೂ ತೊಂದರೆ ಇಲ್ಲದೆ ಓಡಾಡಿಕೊಂಡಿರುವ ನೂರು ಜನರನ್ನು ಹಿಡಿದು ನೋಡಿದರೂ ಹತ್ತಕ್ಕಿಂತ ಹೆಚ್ಚು ಜನಕ್ಕೆ ಸಿಗುತ್ತದೆ. ಹೆಂಗಸರಲ್ಲಿ, ವಯಸ್ಸಾದ ಹಾಗೆ, ಇನ್ನೂ ಹೆಚ್ಚು. ಹಾಗಾಗಿ ಪಾಸಿಟಿವ್ ಬಂದ ಎಲ್ಲರೂ ರೋಗಿಗಳಲ್ಲ.

ಎರಡನೆಯದು ಆಂಟಿ-ಟಿಜಿ. ಇದು ಥೈರೋಗ್ಲೋಬ್ಯುಲಿನ್ (ಟಿಜಿ) ಎಂಬ ಥೈರಾಯ್ಡ್ ಪ್ರೋಟೀನಿನ ವಿರುದ್ಧದ ಆಂಟಿಬಾಡಿ. ಹಾಶಿಮೊಟೊ ಪತ್ತೆಗೆ ಆಂಟಿ-ಟಿಪಿಒಗಿಂತ ಇದರ ಉಪಯೋಗ ಕಡಿಮೆ. ಟಿಪಿಒ ಪಾಸಿಟಿವ್ ಬಂದಾಗ ಇದನ್ನೂ ಮಾಡಿಸಿ ಹೊಸದಾಗಿ ತಿಳಿಯುವುದು ಅಷ್ಟೇನಿಲ್ಲ. ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಮಾತ್ರ ಇದು ಬೇಕೇಬೇಕು. ಅವರಲ್ಲಿ ಕಾಯಿಲೆ ಮರಳಿದೆಯಾ ಅಂತ ನೋಡಲು ಥೈರೋಗ್ಲೋಬ್ಯುಲಿನ್ ಮಟ್ಟ ಅಳೆಯುತ್ತಾರೆ. ಆಂಟಿ-ಟಿಜಿ ಇದ್ದರೆ ಆ ಅಳತೆಯೇ ಕೆಡುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಟಿಜಿ ಮತ್ತು ಆಂಟಿ-ಟಿಜಿ ಎರಡು ಬೇರೆ ಬೇರೆ ಟೆಸ್ಟ್ ಅನ್ನುವುದು ನೆನಪಿರಲಿ. ಚೀಟಿಯಲ್ಲಿ ಯಾವುದು ಬರೆದಿದ್ದಾರೆ ಅಂತ ಎರಡು ಸಲ ನೋಡಿಯೇ ರಕ್ತ ಕೊಡಿ.

ಮೂರನೆಯದು ಟಿಆರ್‌ಎಬಿ, ಅಂದರೆ ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ. ಇದರದೇ ಒಂದು ಬಗೆಯನ್ನು ಅಳೆಯುವುದು ಟಿಎಸ್‌ಐ ಟೆಸ್ಟ್. ಮೊದಲೆರಡರ ಜೊತೆ ಇದನ್ನು ಒಂದೇ ಸಾಲಿಗೆ ಸೇರಿಸಬಾರದು. ಕಾರಣ ಇದೆ. ಹಾಶಿಮೊಟೊದಲ್ಲಿ ಗ್ರಂಥಿಯನ್ನು ನಿಜವಾಗಿ ಹಾಳು ಮಾಡುವುದು ಹೆಚ್ಚಾಗಿ ಟಿ ಕಣಗಳು ಎಂಬ ಬಿಳಿ ರಕ್ತಕಣಗಳು. ಅಲ್ಲಿ ಆಂಟಿ-ಟಿಪಿಒ ಮುಖ್ಯವಾಗಿ ಸಾಕ್ಷಿ. ಗ್ರೇವ್ಸ್‌ನಲ್ಲಿ ಮಾತ್ರ ಆಂಟಿಬಾಡಿಯೇ ಆರೋಪಿ. ಅದು ಥೈರಾಯ್ಡ್ ಕಣದ ಮೇಲೆ ಟಿಎಸ್‌ಎಚ್ ಕೂರಬೇಕಾದ ಜಾಗದಲ್ಲಿ ತಾನೇ ಕೂತು, ಹಗಲೂ ರಾತ್ರಿ ಹಾರ್ಮೋನ್ ಮಾಡಿಸುತ್ತದೆ. ಪಿಟ್ಯುಟರಿ ಸುಮ್ಮನಾದರೂ ಇದು ಸುಮ್ಮನಾಗುವುದಿಲ್ಲ. ಅದಕ್ಕೇ ಟಿಆರ್‌ಎಬಿ ಎಷ್ಟಿದೆ ಅನ್ನುವುದಕ್ಕೂ ಅರ್ಥ ಇದೆ, ಏರಿತಾ ಇಳಿಯಿತಾ ಅನ್ನುವುದಕ್ಕೂ ಅರ್ಥ ಇದೆ.

ಚಿಕ್ಕ ಚರಿತ್ರೆ. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ತಮ್ಮ ಹೆಸರಿನ ಕಾಯಿಲೆಯನ್ನು ವಿವರಿಸಿದ್ದು 1835ರಲ್ಲಿ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಒಳಗೆಲ್ಲ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದನ್ನು ಬರೆದಿಟ್ಟರು. ಯಾಕೆ ತುಂಬಿಕೊಂಡಿವೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. 1956ರಲ್ಲಿ ಲಂಡನ್ನಿನ ಸಂಶೋಧಕರು ಹಾಶಿಮೊಟೊ ರೋಗಿಗಳ ರಕ್ತದಲ್ಲಿ ಅವರದೇ ಥೈರೋಗ್ಲೋಬ್ಯುಲಿನ್ ವಿರುದ್ಧದ ಆಂಟಿಬಾಡಿ ತೋರಿಸಿಕೊಟ್ಟರು. ನಿಮ್ಮ ರಿಪೋರ್ಟಿನ ಆ ಸಾಲು ಶುರುವಾಗಿದ್ದು ಅಲ್ಲಿಂದ.

ಹೆಜ್ಜೆ 3: ಅಂಕಿಯ ಗಾತ್ರ ಪಕ್ಕಕ್ಕಿಡಿ

ಒಂದು ಲ್ಯಾಬ್‌ನಲ್ಲಿ ಆಂಟಿ-ಟಿಪಿಒ ಮಿತಿ 9, ಇನ್ನೊಂದರಲ್ಲಿ 34, ಮತ್ತೊಂದರಲ್ಲಿ 60. ಯಂತ್ರ ಬೇರೆ, ರಾಸಾಯನಿಕ ಬೇರೆ, ಮಿತಿಯೂ ಬೇರೆ. ಒಂದೇ ದಿನ ಒಂದೇ ರಕ್ತವನ್ನು ಎರಡು ಲ್ಯಾಬ್‌ಗೆ ಕೊಟ್ಟರೂ ಒಂದು ಕಡೆ 210, ಇನ್ನೊಂದು ಕಡೆ 480 ಬರಬಹುದು. ಎರಡೂ ತಪ್ಪಲ್ಲ. ಆದ್ದರಿಂದ ಗೆಳತಿಯ 300ನ್ನು ನಿಮ್ಮ 900ರ ಜೊತೆ ಹೋಲಿಸಿ ಕೂರಬೇಡಿ. ಕೆಲವು ಯಂತ್ರಗಳು ಒಂದು ಮಿತಿಯ ತನಕ ಮಾತ್ರ ಅಳೆಯುತ್ತವೆ, ಅದರಾಚೆ ಎಷ್ಟಿದ್ದರೂ 600ಕ್ಕಿಂತ ಹೆಚ್ಚು ಅಂತಲೋ 1000ಕ್ಕಿಂತ ಹೆಚ್ಚು ಅಂತಲೋ ಬರೆದು ಕೈತೊಳೆದುಕೊಳ್ಳುತ್ತವೆ.

ಮಿತಿ ದಾಟಿದೆಯಾ ಇಲ್ಲವಾ, ಇಷ್ಟು ತಿಳಿದರೆ ಸಾಕು. ದಾಟಿದ್ದರೆ ಟಿಪಿಒ ಟೆಸ್ಟನ್ನು ಮತ್ತೆ ಮತ್ತೆ ಮಾಡಿಸುವ ಅಗತ್ಯವೇ ಇಲ್ಲ. 640 ಇದ್ದದ್ದು ಮುಂದಿನ ವರ್ಷ 410 ಆದರೆ ಚಿಕಿತ್ಸೆ ಬದಲಾಗುವುದಿಲ್ಲ, 900 ಆದರೂ ಬದಲಾಗುವುದಿಲ್ಲ. ಹೀಗಿದ್ದೂ ಆರು ತಿಂಗಳಿಗೊಮ್ಮೆ ಪೂರ್ತಿ ಥೈರಾಯ್ಡ್ ಪ್ಯಾಕೇಜ್ ಅಂತ ಎಲ್ಲ ಆಂಟಿಬಾಡಿ ಸೇರಿಸಿ ಮಾಡಿಸುವವರಿದ್ದಾರೆ. ದುಡ್ಡೂ ದಂಡ, ನೆಮ್ಮದಿಯೂ ದಂಡ.

ನೆಗೆಟಿವ್ ಬಂದರೆ ಹಾಶಿಮೊಟೊ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಹತ್ತರಲ್ಲಿ ಒಬ್ಬರಷ್ಟು ಜನಕ್ಕೆ ಆಂಟಿಬಾಡಿ ಸಿಗದಿದ್ದರೂ ಕಾಯಿಲೆ ಇರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಮಾಮೂಲಿಗಿಂತ ಕಪ್ಪಾಗಿ, ಒರಟೊರಟಾಗಿ ಕಾಣುವುದು ಅದರ ಗುರುತು. ಚಿಕಿತ್ಸೆ ಮಾತ್ರ ಎರಡೂ ಕಡೆ ಒಂದೇ.

ಹೆಜ್ಜೆ 4: ಎರಡನ್ನೂ ಜೋಡಿಸಿ ಓದಿ

ನಾಲ್ಕು ಕಾಲ್ಪನಿಕ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲನೆಯದು: ಟಿಎಸ್‌ಎಚ್ 2.1, ಫ್ರೀ ಟಿ4 ಸರಿ ಇದೆ, ಆಂಟಿ-ಟಿಪಿಒ 640. ಇಲ್ಲಿ ಥೈರಾಯ್ಡ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಮಾತ್ರೆ ಬೇಡ. ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿದರೆ ಸಾಕು. ಇಂಗ್ಲೆಂಡಿನ ವಿಕಮ್ ಎಂಬಲ್ಲಿ ಇಪ್ಪತ್ತು ವರ್ಷ ಜನರನ್ನು ಹಿಂಬಾಲಿಸಿದ ಒಂದು ಅಧ್ಯಯನ ಇದೆ. ಆಂಟಿಬಾಡಿ ಮಾತ್ರ ಪಾಸಿಟಿವ್ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಜನರಿಗೆ ಹೈಪೋಥೈರಾಯ್ಡಿಸಂ ಬಂತು. ಅಂದರೆ ಈ ವರ್ಷ ಉಳಿದ 98 ಜನರಿಗೆ ಬರಲಿಲ್ಲ. ನನ್ನ ಪ್ರಕಾರ ಗಾಬರಿಯಾದವರಿಗೆ ಮೊದಲು ಹೇಳಬೇಕಾದ ಅಂಕಿ ಇದು.

ಇಂಥವರಲ್ಲಿ ಬಹಳ ಜನ ಹೇಳುವ ಮಾತು: ಟಿಎಸ್‌ಎಚ್ ಸರಿ ಇದೆ ಅಂತಾರೆ, ಆದರೆ ಸುಸ್ತು ಹೋಗಲ್ಲ, ಕೂದಲು ಉದುರುತ್ತೆ, ಇದು ಆಂಟಿಬಾಡಿಯಿಂದಲೇ ಅಲ್ವಾ? ಇರಲಿಕ್ಕಿಲ್ಲ. ಆಂಟಿಬಾಡಿ ಮೇಲೆ ತಪ್ಪು ಹೊರಿಸಿ ಕೂತರೆ ರಕ್ತಹೀನತೆ, ಕಬ್ಬಿಣದ ಕೊರತೆ, ಬಿ12 ಕೊರತೆ, ನಿದ್ದೆಯ ತೊಂದರೆ, ಖಿನ್ನತೆ ಇವೆಲ್ಲ ಕಣ್ಣು ತಪ್ಪಿ ಹೋಗುತ್ತವೆ. ಬಿ12 ಬಗ್ಗೆ ಇನ್ನೊಂದು ಮಾತು. ರೋಗನಿರೋಧಕ ವ್ಯವಸ್ಥೆ ನಮ್ಮ ಮೈಮೇಲೇ ತಿರುಗಿಬೀಳುವ ಒಂದು ಆಟೋಇಮ್ಯೂನ್ ಕಾಯಿಲೆ ಇದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಹೊಟ್ಟೆಯಲ್ಲಿ ಬಿ12 ಹೀರಿಕೆ ಕೆಡಿಸುವ ಪರ್ನಿಷಿಯಸ್ ಅನೀಮಿಯಾ ಅಂಥದ್ದರಲ್ಲೊಂದು. ಹಾಗಾಗಿ ಸುಸ್ತಿದ್ದರೆ ಬಿ12 ನೋಡಿಸುವುದು ನ್ಯಾಯವೇ.

ಎರಡನೆಯದು: ಟಿಎಸ್‌ಎಚ್ 6.8, ಫ್ರೀ ಟಿ4 ಸರಿ ಇದೆ, ಆಂಟಿ-ಟಿಪಿಒ 320. ಇಲ್ಲಿ ಆಂಟಿಬಾಡಿ ಟೆಸ್ಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಟಿಎಸ್‌ಎಚ್ ಮಾತ್ರ ಏರಿದ್ದರೆ ಅದು ತಾತ್ಕಾಲಿಕವೂ ಇರಬಹುದು. ಆಂಟಿಬಾಡಿಯೂ ಇದ್ದರೆ ಮುಂದೆ ಹೋಗುವ ಸಾಧ್ಯತೆ ಹೆಚ್ಚು. ವಿಕಮ್ ಅಧ್ಯಯನದಲ್ಲಿ ಎರಡೂ ಇದ್ದ ಹೆಂಗಸರಲ್ಲಿ ಈ ಪ್ರಮಾಣ ವರ್ಷಕ್ಕೆ ನೂರಕ್ಕೆ 4ಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಮಾತ್ರೆ ಕೊಡಬೇಕಾ ಬೇಡವಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಶುರು ಮಾಡುತ್ತಾರೆ. 10ರ ಒಳಗಿದ್ದರೆ ವಯಸ್ಸು, ಲಕ್ಷಣ, ಹೃದಯದ ಸ್ಥಿತಿ, ಮಗು ಬೇಕು ಅನ್ನುವ ಯೋಚನೆ ಎಲ್ಲ ನೋಡುತ್ತಾರೆ. ವಯಸ್ಸಾದವರಲ್ಲಿ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಮೇಲಿರುತ್ತದೆ. 65 ದಾಟಿದ 737 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಪ್ರಯೋಗದಲ್ಲಿ, ಸಬ್‌ಕ್ಲಿನಿಕಲ್ ಹಂತದಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಲಕ್ಷಣಗಳೇನೂ ಕಡಿಮೆಯಾಗಲಿಲ್ಲ. ಎಪ್ಪತ್ತೈದರ ಅಜ್ಜಿಯ ಟಿಎಸ್‌ಎಚ್ 6 ಬಂತು ಅಂತ ಮಾತ್ರೆಗೆ ಅವಸರ ಮಾಡುವ ಮಕ್ಕಳಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಮೂರನೆಯದು: ಟಿಎಸ್‌ಎಚ್ 48, ಫ್ರೀ ಟಿ4 ಕಡಿಮೆ, ಆಂಟಿ-ಟಿಪಿಒ 150. ಟಿಪಿಒ ಅಂಕಿ ಮೊದಲ ರಿಪೋರ್ಟಿಗಿಂತ ಎಷ್ಟೋ ಕಡಿಮೆ, ಆದರೆ ಚಿಕಿತ್ಸೆ ಬೇಕಾಗಿರುವುದು ಇವರಿಗೆ. ಅಂಕಿಯ ಗಾತ್ರ ಪಕ್ಕಕ್ಕಿಡಿ ಅಂದದ್ದು ಇದಕ್ಕೇ.

ನಾಲ್ಕನೆಯದು: ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಫ್ರೀ ಟಿ4 ಮಿತಿಯ ಎರಡು ಪಟ್ಟು, ಎದೆ ಡವಡವ, ಕೈ ನಡುಕ, ತೂಕ ಇಳಿದಿದೆ. ಇಲ್ಲಿ ಕೇಳಬೇಕಾದ್ದು ಟಿಆರ್‌ಎಬಿ. ಅದು ಪಾಸಿಟಿವ್ ಬಂದರೆ ಗ್ರೇವ್ಸ್ ಅಂತ ಬಹುಮಟ್ಟಿಗೆ ಖಚಿತ. ನೆಗೆಟಿವ್ ಆದರೆ ಬೇರೆ ದಾರಿ ಹುಡುಕಬೇಕು. ಉರಿಯೂತದಿಂದ ಗ್ರಂಥಿ ಒಡೆದು, ಒಳಗೆ ಕೂಡಿಟ್ಟಿದ್ದ ಹಾರ್ಮೋನ್ ಸೋರಿದಾಗಲೂ ರಿಪೋರ್ಟ್ ಹೀಗೇ ಕಾಣುತ್ತದೆ. ಹಾಶಿಮೊಟೊದ ಆರಂಭದಲ್ಲೂ ಕೆಲವರಿಗೆ ಹೀಗಾಗುತ್ತದೆ. ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು, ಗ್ರೇವ್ಸ್‌ಗೆ ಕೊಡುವ ಮಾತ್ರೆ ಅದಕ್ಕೆ ಬೇಕಿಲ್ಲ. ಅನುಮಾನ ಉಳಿದರೆ ಥೈರಾಯ್ಡ್ ಸ್ಕ್ಯಾನ್ ಮಾಡಿ ಬೇರ್ಪಡಿಸುತ್ತಾರೆ.

ಗ್ರೇವ್ಸ್‌ಗೆ ಹಾರ್ಮೋನ್ ತಯಾರಿ ತಗ್ಗಿಸುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆ ಸಾಮಾನ್ಯವಾಗಿ 12ರಿಂದ 18 ತಿಂಗಳು ನಡೆಯುತ್ತದೆ. ನಿಲ್ಲಿಸುವ ಮುಂಚೆ ಮತ್ತೆ ಟಿಆರ್‌ಎಬಿ ನೋಡುತ್ತಾರೆ. ಇಳಿದು ಮಾಮೂಲಾಗಿದ್ದರೆ ಕಾಯಿಲೆ ಮರಳದಿರುವ ಸಾಧ್ಯತೆ ಹೆಚ್ಚು. ಇನ್ನೂ ಮೇಲಿದ್ದರೆ ಮಾತ್ರೆ ನಿಲ್ಲಿಸಿದ ಮೇಲೆ ಮರಳುವುದೇ ಹೆಚ್ಚು. ಆಗ ಮಾತ್ರೆ ಮುಂದುವರಿಸುವುದೋ, ವಿಕಿರಣದಿಂದ ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್ನೋ, ಆಪರೇಷನ್ನೋ ಅನ್ನುವ ಚರ್ಚೆ ಬರುತ್ತದೆ. ಕಣ್ಣು ಮುಂದೆ ಬಂದಿದ್ದರೆ, ಕಣ್ಣಲ್ಲಿ ಉರಿ, ಎರಡೆರಡು ಕಾಣುವುದು ಇದ್ದರೆ ಈ ಚರ್ಚೆಯಲ್ಲಿ ಅದನ್ನು ಮೊದಲು ಹೇಳಿ. ರೇಡಿಯೋ ಅಯೋಡಿನ್‌ನಿಂದ ಕಣ್ಣಿನ ತೊಂದರೆ ಹೆಚ್ಚಾಗಬಹುದು. ಸಿಗರೇಟು ಸೇದುತ್ತಿದ್ದರಂತೂ ಇನ್ನೂ ಕಷ್ಟ. ಗ್ರೇವ್ಸ್ ಕಣ್ಣಿಗೆ ಸಿಗರೇಟಿನಷ್ಟು ಕೆಟ್ಟದ್ದು ಬೇರೆ ಇಲ್ಲ.

ಹೆಜ್ಜೆ 5: ರಿಪೋರ್ಟ್ ಸುಳ್ಳು ಹೇಳುತ್ತಿಲ್ಲ ತಾನೇ?

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಈ ಪ್ರಶ್ನೆಯನ್ನು ರಕ್ತ ತೆಗೆಯುವ ಮುಂಚೆ ಎಲ್ಲರಿಗೂ ಕೇಳಬೇಕು. ದಿನಕ್ಕೆ ನಮಗೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಕೂದಲು-ಉಗುರಿನ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತದೆ. ಬಹಳಷ್ಟು ಲ್ಯಾಬ್ ಯಂತ್ರಗಳು ಹಾರ್ಮೋನ್ ಹಿಡಿಯಲು ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿ ತುಳುಕುತ್ತಿದ್ದರೆ ಲೆಕ್ಕ ತಪ್ಪುತ್ತದೆ.

ತಪ್ಪುವ ದಿಕ್ಕು ಮಜವಾಗಿದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಫ್ರೀ ಟಿ4, ಟಿ3, ಟಿಆರ್‌ಎಬಿ ಹೆಚ್ಚು ಕಾಣುತ್ತವೆ. ಒಟ್ಟಿಗೆ ನೋಡಿದರೆ ಅಚ್ಚುಕಟ್ಟಾದ ಗ್ರೇವ್ಸ್ ರಿಪೋರ್ಟ್! ಆರೋಗ್ಯವಾಗಿರುವವರಿಗೆ ಗ್ರೇವ್ಸ್ ಮಾತ್ರೆ ಶುರುವಾಗುವ ಅಪಾಯ ಇದರಿಂದಲೇ. ಅಮೆರಿಕದ ಎಫ್‌ಡಿಎ 2017ರಲ್ಲಿ ಬಯೋಟಿನ್ ಲ್ಯಾಬ್ ಟೆಸ್ಟ್‌ಗಳನ್ನು ಕೆಡಿಸುತ್ತದೆ ಅಂತ ಎಚ್ಚರಿಕೆಯನ್ನೂ ಕೊಟ್ಟಿತು. ಟೆಸ್ಟ್‌ಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ದೊಡ್ಡ ಡೋಸ್ ಇದ್ದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು, ಡಾಕ್ಟರನ್ನು ಕೇಳಿ. ಮಲ್ಟಿವಿಟಮಿನ್ ಡಬ್ಬಿಯ ಹಿಂದಿನ ಚಿಕ್ಕ ಅಕ್ಷರವನ್ನೂ ಓದಿ, ಅದರಲ್ಲೂ ಬಯೋಟಿನ್ ಅಡಗಿರುತ್ತದೆ.

ಬೇರೆ ಔಷಧಿಗಳೂ ಇವೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಬೈಪೋಲಾರ್‌ಗೆ ಕೊಡುವ ಲಿಥಿಯಂ, ಕ್ಯಾನ್ಸರ್‌ಗೆ ಕೊಡುವ ಕೆಲವು ಇಮ್ಯುನೋಥೆರಪಿ ಔಷಧಿಗಳು ಥೈರಾಯ್ಡನ್ನು ನಿಜವಾಗಿಯೇ ಕೆಡಿಸಬಲ್ಲವು. ಇವನ್ನು ನೀವಾಗಿ ನಿಲ್ಲಿಸಬೇಡಿ, ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಿ.

ಈಗಾಗಲೇ ಥೈರಾಕ್ಸಿನ್ (ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುವ ಮಾತ್ರೆ) ನುಂಗುತ್ತಿದ್ದರೆ ಟೆಸ್ಟ್ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಿ. ಮುಂಚೆ ತೆಗೆದುಕೊಂಡರೆ ಕೆಲವು ಗಂಟೆ ಫ್ರೀ ಟಿ4 ಮೇಲೆ ಕಾಣುತ್ತದೆ. ಆಂಟಿಬಾಡಿ ಟೆಸ್ಟ್‌ಗೆ ಖಾಲಿ ಹೊಟ್ಟೆಯ ನಿಯಮ ಇಲ್ಲ.

ಹೆಜ್ಜೆ 6: ಮಗುವಿನ ಯೋಚನೆ ಇದ್ದರೆ ಈ ಭಾಗ ತಪ್ಪದೆ ಓದಿ

ಆಂಟಿ-ಟಿಪಿಒ ಪಾಸಿಟಿವ್, ಟಿಎಸ್‌ಎಚ್ ಸರಿ ಇದೆ, ಈಗ ಗರ್ಭಿಣಿ. ಬಸಿರಿನಲ್ಲಿ ಥೈರಾಯ್ಡ್ ಮೇಲೆ ಕೆಲಸದ ಹೊರೆ ಹೆಚ್ಚುತ್ತದೆ. ಆಂಟಿಬಾಡಿ ಇರುವವರ ಗ್ರಂಥಿಗೆ ಆ ಹೊರೆ ತಾಳುವ ಶಕ್ತಿ ಕಡಿಮೆ ಇರಬಹುದು. ಅದಕ್ಕೆ ಗರ್ಭ ಖಚಿತವಾದ ಕೂಡಲೇ ಟಿಎಸ್‌ಎಚ್ ಮಾಡಿಸಿ, ಆಮೇಲೆ ಅರ್ಧ ಅವಧಿಯ ತನಕ ಸುಮಾರು ನಾಲ್ಕು ವಾರಕ್ಕೊಮ್ಮೆ ನೋಡುತ್ತಾರೆ.

ಆಂಟಿಬಾಡಿ ಇರುವವರಲ್ಲಿ ಗರ್ಭಪಾತ ಸ್ವಲ್ಪ ಹೆಚ್ಚು ಅನ್ನುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗಾದರೆ ಮುಂಚಿತವಾಗಿಯೇ ಥೈರಾಕ್ಸಿನ್ ಕೊಟ್ಟುಬಿಟ್ಟರೆ? ಅದನ್ನೂ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಟ್ಯಾಬ್ಲೆಟ್ ಎಂಬ ದೊಡ್ಡ ಪ್ರಯೋಗದಲ್ಲಿ, ಟಿಎಸ್‌ಎಚ್ ಸರಿ ಇದ್ದ ಟಿಪಿಒ ಪಾಸಿಟಿವ್ ಹೆಂಗಸರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಕೊಟ್ಟರು. ಮಗು ಪಡೆದವರ ಪ್ರಮಾಣ ಮಾತ್ರೆ ಕೊಟ್ಟವರಲ್ಲೂ ಕೊಡದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಗರ್ಭಪಾತ ಆದವರು ಆಂಟಿಬಾಡಿ ರಿಪೋರ್ಟ್ ಹಿಡಿದು ತಮ್ಮನ್ನೇ ಹಳಿದುಕೊಳ್ಳುವುದು ಬೇಡ. ಆಗ ಮಾತ್ರೆ ತೆಗೆದುಕೊಂಡಿದ್ದರೆ ಉಳಿಯುತ್ತಿತ್ತು ಅನ್ನಲು ಆಧಾರ ಇಲ್ಲ.

ಈಗಾಗಲೇ ಥೈರಾಕ್ಸಿನ್ ಮೇಲಿರುವವರ ಕಥೆ ಬೇರೆ. ಗರ್ಭ ನಿಂತ ಮೊದಲ ವಾರಗಳಲ್ಲೇ ಡೋಸ್ ಸುಮಾರು ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ. ಮುಂದಿನ ಭೇಟಿಯ ತನಕ ಕಾಯದೆ ಅದೇ ವಾರ ಡಾಕ್ಟರಿಗೆ ತಿಳಿಸಿ.

ಹೆರಿಗೆಯ ಮೇಲೆ ಇನ್ನೊಂದು ಸರದಿ. ಬಸಿರಿನ ಆರಂಭದಲ್ಲಿ ಟಿಪಿಒ ಪಾಸಿಟಿವ್ ಇದ್ದ ಹೆಂಗಸರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡೈಟಿಸ್ ಆಗುತ್ತದೆ. ಮೊದಲು ಕೆಲವು ವಾರ ಎದೆ ಬಡಿತ, ಕಿರಿಕಿರಿ, ಆಮೇಲೆ ತಿಂಗಳುಗಟ್ಟಲೆ ಸುಸ್ತು, ಮಂಕು. ಕೆಲವರಿಗೆ ಒಂದೇ ಹಂತ ಕಾಣಿಸುತ್ತದೆ. ಮಗು ಹೆತ್ತವಳಿಗೆ ಸುಸ್ತಿರದೆ ಇನ್ನೇನು ಅಂತ ಮನೆಯವರೆಲ್ಲ ತಳ್ಳಿಹಾಕಿರುತ್ತಾರೆ. ಒಂದು ಟಿಎಸ್‌ಎಚ್ ಮಾಡಿಸಿ ಅಂತ ಕೇಳುವ ಹಕ್ಕು ಆ ತಾಯಿಗೆ ಇದೆ. ಹೆಚ್ಚಿನವರಿಗೆ ವರ್ಷದೊಳಗೆ ಸರಿಹೋಗುತ್ತದೆ, ಆದರೆ ಮುಂದೆಯೂ ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಇನ್ನು ಎಲ್ಲರೂ ಮರೆಯುವ ಒಂದು ಸಂಗತಿ. ಹಿಂದೆ ಗ್ರೇವ್ಸ್ ಇದ್ದು, ಆಪರೇಷನ್ ಮಾಡಿಸಿಯೋ ರೇಡಿಯೋ ಅಯೋಡಿನ್ ತೆಗೆದುಕೊಂಡೋ ಈಗ ಥೈರಾಕ್ಸಿನ್ ಮೇಲೆ ಆರಾಮಾಗಿರುವವರು. ತಾಯಿಗೆ ಗ್ರಂಥಿಯೇ ಇಲ್ಲ, ಟಿಎಸ್‌ಎಚ್ ಸರಿ ಇದೆ, ಇನ್ನೇನು ಅನ್ನಿಸುತ್ತದೆ. ಆದರೆ ಟಿಆರ್‌ಎಬಿ ರಕ್ತದಲ್ಲಿ ವರ್ಷಗಟ್ಟಲೆ ಉಳಿಯಬಹುದು, ರೇಡಿಯೋ ಅಯೋಡಿನ್ ನಂತರವಂತೂ ಕೆಲಕಾಲ ಏರಿರುತ್ತದೆ. ಅದು ಮಾಸು ದಾಟಿ ಮಗುವಿಗೆ ಹೋಗುತ್ತದೆ, ಹೋಗಿ ಮಗುವಿನ ಥೈರಾಯ್ಡನ್ನು ಕೆರಳಿಸುತ್ತದೆ. ಆದ್ದರಿಂದ ಇಂಥ ತಾಯಂದಿರಿಗೆ ಬಸಿರಿನ ಆರಂಭದಲ್ಲೇ ಟಿಆರ್‌ಎಬಿ ಬೇಕು. ಮೇಲಿದ್ದರೆ 18ರಿಂದ 22 ವಾರದೊಳಗೆ ಮತ್ತೆ ನೋಡುತ್ತಾರೆ. ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಮಗುವಿನ ಎದೆಬಡಿತ, ಬೆಳವಣಿಗೆ ಮೇಲೆ ವಿಶೇಷ ಕಣ್ಣಿಡುತ್ತಾರೆ. ಹೆರಿಗೆ ಡಾಕ್ಟರಿಗೆ ಥೈರಾಯ್ಡ್ ಮಾತ್ರೆ ತಗೋತೀನಿ ಅಂತಷ್ಟೇ ಹೇಳಿದರೆ ಅವರು ಹಾಶಿಮೊಟೊ ಅಂದುಕೊಳ್ಳಬಹುದು. ನನಗೆ ಮೊದಲು ಗ್ರೇವ್ಸ್ ಇತ್ತು ಅಂತ ಬಿಡಿಸಿ ಹೇಳಿ.

ಹೆಜ್ಜೆ 7: ಮಾತ್ರೆ ಶುರುವಾದರೆ

ಲೆವೊಥೈರಾಕ್ಸಿನ್, ಅಂದರೆ ಮೇಲೆ ಹೇಳಿದ ಥೈರಾಕ್ಸಿನ್ ಮಾತ್ರೆ, ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಇರಲಿ. ಅವು ಥೈರಾಕ್ಸಿನ್ ಹೀರದಂತೆ ತಡೆಯುತ್ತವೆ. ಬೆಳಗಿನ ಗಡಿಬಿಡಿಯಲ್ಲಿ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವ ಮುಂಚೆ ತೆಗೆದುಕೊಳ್ಳಬಹುದು, ಡಾಕ್ಟರಿಗೆ ತಿಳಿಸಿ. ದಿನಾ ಒಂದೇ ಥರ ಇದ್ದರೆ ಆಯಿತು. ಈ ಹಾರ್ಮೋನ್ ಅರ್ಧ ಕರಗಲು ಸುಮಾರು ಏಳು ದಿನ ಬೇಕು. ಹಾಗಾಗಿ ಡೋಸ್ ಬದಲಾಯಿಸಿದ ಹತ್ತು ದಿನಕ್ಕೇ ಟೆಸ್ಟ್ ಮಾಡಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಆರರಿಂದ ಎಂಟು ವಾರ ಬಿಡಿ.

ಒಂದು ಎಚ್ಚರಿಕೆ. ಹೈಪೋಥೈರಾಯ್ಡ್ ಅಂದಮೇಲೆ ತೂಕ ಏರುವುದು ಮಾಮೂಲು. ಅದರ ಬದಲು ತೂಕ ಇಳಿಯುತ್ತಿದೆ, ಬಿಪಿ ಕಡಿಮೆ, ಎದ್ದು ನಿಂತರೆ ತಲೆಸುತ್ತು, ಚರ್ಮ ಕಪ್ಪಾಗುತ್ತಿದೆ ಅನ್ನುವುದಾದರೆ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಇದೇ ಥರ ಹಾಳಾಗಿರಬಹುದು. ಆಗ ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ಥೈರಾಕ್ಸಿನ್ ಕೊಡಬೇಕು. ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಆಂಟಿಬಾಡಿ ಇಳಿಸುವ ಮಾತು

ಆಂಟಿ-ಟಿಪಿಒ ಇಳಿಸಿಕೊಡುತ್ತೇವೆ ಅಂತ ಪಥ್ಯ, ಪುಡಿ, ಕೋರ್ಸ್ ಮಾರುವವರಿಗೆ ಲೆಕ್ಕವಿಲ್ಲ. ಸೆಲೆನಿಯಂ ಕೊಟ್ಟ ಪ್ರಯೋಗಗಳಲ್ಲಿ ಟಿಪಿಒ ಅಂಕಿ ಇಳಿದದ್ದು ನಿಜ. ಆದರೆ ಅದರಿಂದ ಮಾತ್ರೆಯ ಡೋಸ್ ಕಡಿಮೆಯಾಯಿತು, ಜನ ಗೆಲುವಾದರು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಂಕಿ ಇಳಿದರೆ ರಿಪೋರ್ಟಿಗೆ ಖುಷಿ, ಗ್ರಂಥಿಗೇನು? ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಯಾವುದನ್ನು ತಪ್ಪಿಸಲು ತೆಗೆದುಕೊಂಡರೋ ಅದೇ ಗಂಟು ಬೀಳುತ್ತದೆ. ಗ್ರೇವ್ಸ್‌ನಿಂದ ಕಣ್ಣಿಗೆ ಸ್ವಲ್ಪ ಮಾತ್ರ ತೊಂದರೆಯಾದವರಿಗೆ ಆರು ತಿಂಗಳು ಕೊಟ್ಟಾಗ ಉಪಯೋಗ ಕಂಡಿದೆ. ಅದನ್ನು ಬಿಟ್ಟರೆ ಡಾಕ್ಟರ್ ಹೇಳದೆ ಶುರು ಮಾಡಬೇಡಿ.

ಥೈರಾಯ್ಡ್ ಅಂದ ತಕ್ಷಣ ಅಯೋಡಿನ್ ಡ್ರಾಪ್ಸ್, ಕಡಲಪಾಚಿ ಮಾತ್ರೆ ಹುಡುಕುವವರೂ ಇದ್ದಾರೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಹಾಶಿಮೊಟೊ ಇರುವವರಿಗೆ ಅಯೋಡಿನ್ ಅತಿಯಾದರೆ ಥೈರಾಯ್ಡ್ ಇನ್ನಷ್ಟು ಮಂಕಾಗುತ್ತದೆ. ಕೊರತೆ ಇಲ್ಲದಿದ್ದರೆ ಮುಟ್ಟಬೇಡಿ.

ಗೋಧಿಯಲ್ಲಿರುವ ಗ್ಲುಟನ್ ಬಿಡುವುದು ಈಗಿನ ಫ್ಯಾಷನ್. ಗ್ಲುಟನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದರೆ ಬಿಡಲೇಬೇಕು, ಮತ್ತು ಅದು ಆಟೋಇಮ್ಯೂನ್ ಥೈರಾಯ್ಡ್ ಇರುವವರಲ್ಲಿ ಸ್ವಲ್ಪ ಹೆಚ್ಚೇ. ಅದಿಲ್ಲದವರಿಗೆ ಬಿಟ್ಟರೆ ಲಾಭ ಅನ್ನಲು ಬಲವಾದ ಆಧಾರ ಸಿಕ್ಕಿಲ್ಲ. ಬಿಡುವ ಮನಸ್ಸಿದ್ದರೆ ಮೊದಲು ಸೀಲಿಯಾಕ್ ಟೆಸ್ಟ್ ಮಾಡಿಸಿ, ಆಮೇಲೆ ಬಿಡಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದವರಿಗೂ ನೆಗೆಟಿವ್ ಬರಬಹುದು.

ಮನೆಯವರಿಗೂ ಮಾಡಿಸಬೇಕಾ?

ಇದು ಕುಟುಂಬದಲ್ಲಿ ಹರಿಯುವ ಗುಣ. ಆದರೂ ಮಕ್ಕಳು, ಅಕ್ಕ-ತಂಗಿಯರು ಎಲ್ಲರಿಗೂ ಆಂಟಿಬಾಡಿ ಟೆಸ್ಟ್ ಬೇಕಿಲ್ಲ. ಲಕ್ಷಣ ಇದ್ದರೆ, ಕುತ್ತಿಗೆ ದಪ್ಪ ಕಂಡರೆ, ಮಗುವಿನ ಯೋಚನೆ ಇದ್ದರೆ ಟಿಎಸ್‌ಎಚ್ ಸಾಕು. ಟೈಪ್ 1 ಸಕ್ಕರೆ ಕಾಯಿಲೆ, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮಾತ್ರ ಲಕ್ಷಣ ಇಲ್ಲದಿದ್ದರೂ ಆಗಾಗ ಥೈರಾಯ್ಡ್ ನೋಡುತ್ತಾರೆ.

ನಾಲ್ಕು ದಿನ ಕಾಯಬಾರದ ಸಂದರ್ಭ

ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ತೆಗೆದುಕೊಳ್ಳುತ್ತಿರುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕೆ ಈ ಔಷಧಿ ಬಿಳಿ ರಕ್ತಕಣಗಳನ್ನು ಪೂರ್ತಿ ಇಳಿಸಿಬಿಡುತ್ತದೆ. ಹೈಪರ್ ಇರುವವರಿಗೆ ಜೋರು ಜ್ವರದ ಜೊತೆ ಎದೆಬಡಿತ ಓಡುತ್ತಿದ್ದು ಮಾತು ಅಸಂಬದ್ಧವಾದರೆ, ಹೈಪೋ ಇರುವವರು ಮೈ ತಣ್ಣಗಾಗಿ ಮಂಪರಿಗೆ ಜಾರುತ್ತಿದ್ದರೆ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಗ್ರೇವ್ಸ್ ಇರುವವರಿಗೆ ದೃಷ್ಟಿ ಮಂಜಾದರೆ ಅಥವಾ ಬಣ್ಣ ಮಾಸಿದಂತೆ ಕಂಡರೆ ಕಣ್ಣಿನ ಡಾಕ್ಟರ್ ಅದೇ ದಿನ. ವರ್ಷಗಳಿಂದ ಹಾಶಿಮೊಟೊ ಇದ್ದು ಕುತ್ತಿಗೆ ಕೆಲವೇ ವಾರಗಳಲ್ಲಿ ದಿಢೀರ್ ದಪ್ಪವಾದರೆ, ನುಂಗಲು ಕಷ್ಟ, ದನಿ ಬದಲಾದರೆ ಅಲ್ಟ್ರಾಸೌಂಡ್ ಆಗಲೇಬೇಕು. ಬಹಳ ಅಪರೂಪಕ್ಕೆ ಆ ಗ್ರಂಥಿಯಲ್ಲೇ ಲಿಂಫೋಮಾ ಎಂಬ ಕ್ಯಾನ್ಸರ್ ಬೆಳೆಯುತ್ತದೆ.